ಕಾರ್ಖಾನೆಗೆ ಡಾಕ್ಟರಾಗಿ ಸೇರಿದ್ದೀರಾ? ಮೊದಲು ಪಾಲಿಸಿ ಕಾಗದ ತರಿಸಿಕೊಂಡು ಓದಿ

ಎಂಟು ವರ್ಷದ ಹಿಂದಿನ ಮಾತು. ಫಸ್ಟ್ ಶಿಫ್ಟ್ ಬಿಟ್ಟ ಮೇಲೆ ಅಸೆಂಬ್ಲಿ ವಿಭಾಗದ ಒಬ್ಬರು ನನ್ನ ರೂಮಿಗೆ ಬಂದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಆಸ್ಪತ್ರೆ ಬಿಲ್ಲು. ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. "ಇನ್ಶೂರೆನ್ಸ್ ಐತೆ, ಏನೂ ಕಟ್ಟಂಗಿಲ್ಲ ಅಂದಿದ್ರು ಡಾಕ್ಟ್ರಮ್ಮ. ನಲವತ್ಮೂರು ಸಾವಿರ ನಾನೇ ಕಟ್ಟಿವ್ನಿ. ಎಂಡ್ತಿ ಸರ ಗಿರವಿ ಮಡಗ್ದೆ" ಅಂದರು.

ಬಿಲ್ಲು ಬಿಡಿಸಿ ನೋಡಿದೆ. ಒಟ್ಟು 1,16,000 ರೂಪಾಯಿ. ಪಾಲಿಸಿ 2 ಲಕ್ಷದ್ದು. ಹಾಗಿದ್ದೂ ದುಡ್ಡು ಯಾಕೆ ಪೂರ್ತಿ ಬರಲಿಲ್ಲ ಅಂತ ನನಗೂ ಹೇಳಲು ಬರಲಿಲ್ಲ. ಆ ಕಾರ್ಖಾನೆಗೆ ಸೇರಿ ಆಗಲೇ ನಾಲ್ಕು ವರ್ಷ ಆಗಿತ್ತು. ಪಾಲಿಸಿ ಕಾಗದವನ್ನು ನಾನು ಕಣ್ಣಲ್ಲಿ ಕೂಡ ನೋಡಿರಲಿಲ್ಲ. ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವತ್ತು ಸಂಜೆ ಎಚ್‌ಆರ್ ಆಫೀಸಿಗೆ ಹೋಗಿ ಕಾಗದ ತರಿಸಿಕೊಂಡು ಕೂತು ಓದಿದೆ. ರೂಮ್ ಬಾಡಿಗೆ ದಿನಕ್ಕೆ ಪಾಲಿಸಿ ಮೊತ್ತದ ನೂರಕ್ಕೆ ಒಂದು ಅಂತ ಇತ್ತು. ಅಂದರೆ 2,000 ರೂಪಾಯಿ. ಆಸ್ಪತ್ರೆಯವರು ವಾರ್ಡ್ ಖಾಲಿ ಇಲ್ಲ ಅಂತ 4,000ದ ರೂಮ್ ಕೊಟ್ಟಿದ್ದರು. ನಾಲ್ಕು ದಿನದ 16,000ದಲ್ಲಿ 8,000 ಬಂತು. ಹೋಗೋದು ಅಷ್ಟೇ ಆಗಿದ್ದರೆ ಆ ಮನುಷ್ಯ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಆದರೆ ರೂಮು ಲಿಮಿಟ್‌ಗಿಂತ ಎರಡು ಪಟ್ಟಾದರೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ಅನಸ್ತೇಷಿಯಾ, ನರ್ಸಿಂಗ್ ಎಲ್ಲವನ್ನೂ ಅದೇ ಲೆಕ್ಕದಲ್ಲಿ ಅರ್ಧ ಮಾಡುತ್ತಾರೆ. ಆ 70,000ಕ್ಕೆ 35,000 ಬಂತು. ಔಷಧಿ, ಟೆಸ್ಟಿನ 30,000 ಮಾತ್ರ ಪೂರ್ತಿ ಸಿಕ್ಕಿತು. ಮಿಕ್ಕ 43,000ಕ್ಕೆ ಆ ತಾಯಿಯ ಸರ ಹೋಯಿತು.

ಆ ಒಂದು ಸಾಲು ಪಾಲಿಸಿಯಲ್ಲಿ ಇರಬೇಕೋ ಬೇಡವೋ ಅಂತ ಯಾರಾದರೂ ನನ್ನನ್ನು ಕೇಳಿದ್ದರೆ, ಮೈಸೂರಿನ ಆಸ್ಪತ್ರೆಗಳಲ್ಲಿ ರೂಮು ಎಷ್ಟಕ್ಕೆ ಸಿಗುತ್ತದೆ ಅಂತ ನಾನು ಹೇಳುತ್ತಿದ್ದೆ. ಅದನ್ನು ತಿಳಿದವಳು ಆ ಕಾಂಪೌಂಡಿನಲ್ಲಿ ನಾನೊಬ್ಬಳೇ ಇದ್ದೆ.

ಹೂಟಗಳ್ಳಿ ಕಡೆಯ ಕಾರ್ಖಾನೆ ನಮ್ಮದು. ವಾಹನಗಳ ಬಿಡಿಭಾಗ ಮಾಡುತ್ತಾರೆ. ನನ್ನ ಊರು ಮದ್ದೂರು ತಾಲ್ಲೂಕು. ಎಂಬಿಬಿಎಸ್ ಆದ ಮೇಲೆ ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಎಎಫ್‌ಐಎಚ್ ಕೋರ್ಸ್ ಮಾಡಿಕೊಂಡು ಇಲ್ಲಿಗೆ ಸೇರಿದೆ. ಈಗ ಹನ್ನೆರಡು ವರ್ಷ. ಜ್ವರಕ್ಕೆ ಮಾತ್ರೆ, ಗಾಯಕ್ಕೆ ಬ್ಯಾಂಡೇಜು, ಫಿಟ್ನೆಸ್ ಕಾಗದಕ್ಕೆ ಸಹಿ ಇಷ್ಟೇ ಕಾರ್ಖಾನೆ ಡಾಕ್ಟರ ಕೆಲಸ ಅಂತ ನಂಬಿಕೊಂಡು ಹೊಸಬರು ಈಗಲೂ ಸೇರುತ್ತಾರೆ. ಕೆಲಸಗಾರರಿಗೆ ಕಂಪನಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದನ್ನು ನೀವು ಬದಲಾಯಿಸಬಹುದು. ಅದನ್ನು ಹೇಗೆ ಮಾಡೋದು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಯಾರು ಯಾವುದರಲ್ಲಿ ಇದ್ದಾರೆ?

ಮೊದಲ ವಾರ ಇದೊಂದನ್ನು ತಿಳಿದುಕೊಳ್ಳಿ. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬರು ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆಯಲ್ಲಿ ಇರುತ್ತಾರೆ, ಇನ್ನೊಬ್ಬರು ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ. ತಿಂಗಳ ಸಂಬಳ 21,000 ರೂಪಾಯಿ ತನಕ ಇದ್ದರೆ ಇಎಸ್‌ಐ. 2017ರ ಜನವರಿಯಿಂದ ಇರುವ ಮಿತಿ ಇದು. 2019ರ ಜುಲೈನಿಂದ ಸಂಬಳದ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ಕೆಲಸಗಾರ ಕಟ್ಟಬೇಕು, ಮೂರೂಕಾಲು ರೂಪಾಯಿ ಕಂಪನಿ ಕಟ್ಟಬೇಕು.

ಇಎಸ್‌ಐ ಅಂದರೆ ಮೂಗು ಮುರಿಯುವವರು ಜಾಸ್ತಿ. ನಾನು ಹಾಗೆ ಮಾಡುವುದಿಲ್ಲ. ಅದರಲ್ಲಿ ಚಿಕಿತ್ಸೆಗೆ 2 ಲಕ್ಷ, 3 ಲಕ್ಷ ಅನ್ನುವ ಮಿತಿ ಇಲ್ಲ. ಕಾಯಿಲೆಯಿಂದ ಮನೆಯಲ್ಲಿ ಕೂತರೆ ವರ್ಷಕ್ಕೆ 91 ದಿನ ಸಂಬಳದ ನೂರಕ್ಕೆ 70 ಸಿಗುತ್ತದೆ. ಕ್ಯಾನ್ಸರ್, ಟಿಬಿಯಂತಹ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೂ ನೂರಕ್ಕೆ 80 ಸಿಗಬಹುದು. ಕೆಲಸದಲ್ಲಿ ಪೆಟ್ಟಾದರೆ ನೂರಕ್ಕೆ 90. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಬೈಕ್ ಬಿದ್ದರೂ ಅದು ಕೆಲಸದ ಪೆಟ್ಟೇ. 2010ರ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದ್ದಾರೆ. ನಾಗನಹಳ್ಳಿ, ಬೆಳಗೊಳದ ಕಡೆಯಿಂದ ಬೈಕಿನಲ್ಲಿ ಬರುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಅವರು ಎಕ್ಸ್‌ರೇ ತೆಗೆಸಿ, ರಜ ಹಾಕಿ, ಸುಮ್ನೆ ಸಂಬಳ ಕಳೆದುಕೊಳ್ಳುತ್ತಾರೆ. ನಿಮ್ಮ ರೂಮಿಗೆ ಮೊದಲು ಬರುವವರು ಅವರೇ, ಆದ್ದರಿಂದ ಅಪಘಾತದ ರಿಪೋರ್ಟ್ ಹೋಯಿತಾ ಅಂತ ನೀವೇ ಕೇಳಿ.

ಕಾರ್ಡು ಇದೆ ಅಂದ ಮಾತ್ರಕ್ಕೆ ಬಿಡಬೇಡಿ. ಕಾರ್ಡಿನಲ್ಲಿ ಮನೆಯವರ ಹೆಸರು ಸೇರಿದೆಯಾ? ಡಿಸ್ಪೆನ್ಸರಿ ಎಲ್ಲಿಯದು ಹಾಕಿದ್ದಾರೆ? ಕಂಟ್ರಾಕ್ಟ್ ಹುಡುಗರ ವಿಷಯದಲ್ಲಂತೂ ಇದನ್ನು ನೋಡಲೇಬೇಕು. ಕಂಟ್ರಾಕ್ಟರ್ ಆಫೀಸಿನಲ್ಲಿ ಯಾರೋ ಒಬ್ಬರು ಎಲ್ಲರಿಗೂ ಮೈಸೂರಿನ ಡಿಸ್ಪೆನ್ಸರಿಯನ್ನೇ ಒತ್ತಿ ಬಿಟ್ಟಿರುತ್ತಾರೆ. ಹುಡುಗನ ತಾಯಿ ಇರುವುದು ಪಾಂಡವಪುರದಲ್ಲಿ. ಅವರು ಬಿಪಿ ಮಾತ್ರೆಗೆ ಮೈಸೂರಿಗೆ ಬರುತ್ತಾರಾ? ನಾನು ಹೊಸದಾಗಿ ಸೇರುವವರ ತಪಾಸಣೆಯ ದಿನವೇ ಕಾರ್ಡಿನ ಫೋಟೋ ತೋರಿಸಿ ಅನ್ನುತ್ತೇನೆ. ಎತ್ತರ, ತೂಕ, ಬಿಪಿ ಬರೆಯುವ ಹಾಳೆಯಲ್ಲೇ ಅದಕ್ಕೊಂದು ಖಾನೆ ಮಾಡಿಕೊಂಡಿದ್ದೇನೆ.

ತುಂಬಾ ನೋವಾಗುವುದು 21,000ದ ಗೆರೆಯ ಹತ್ತಿರ. ಯೂನಿಯನ್ ಒಪ್ಪಂದ ಆಗಿ ಸಂಬಳ ಏರಿದರೆ ಎಲ್ಲರಿಗೂ ಖುಷಿ. ಆದರೆ 20,500 ಇದ್ದವರು 22,000ಕ್ಕೆ ಹೋದ ಮೇಲೆ ಇಎಸ್‌ಐನಿಂದ ಹೊರಗೆ. ಮನೆಯಲ್ಲಿ ಡಯಾಲಿಸಿಸ್ ಮಾಡಿಸುವವರು ಇದ್ದರೆ? ಸಂಬಳ ಏರಿದ ದಿನವೇ ಇಎಸ್‌ಐ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ. ಅವಧಿಯ ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವ ತನಕ ಕಂತು ಕಟ್ಟಲೇಬೇಕು. ಅದು ಮುಗಿಯುವುದರೊಳಗೆ ಗ್ರೂಪ್ ಪಾಲಿಸಿಯಲ್ಲಿ ಅವರ ಹೆಸರು ಸೇರಿರಬೇಕು. ಇರುವ ಕಾಯಿಲೆಗೂ ಮೊದಲ ದಿನದಿಂದಲೇ ಖರ್ಚು ಕೊಡಬೇಕು ಅಂತ ಬರೆಸಿರಬೇಕು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಇದನ್ನು ಎಚ್‌ಆರ್‌ಗೂ ಯೂನಿಯನ್ನಿಗೂ ಹೇಳಿ. ಆಮೇಲೆ ಹೇಳಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಡಯಾಲಿಸಿಸ್‌ಗೆ ಮುಂದಿನ ವರ್ಷ ಅನ್ನುವುದು ಇಲ್ಲ.

ರಿಜಿಸ್ಟರ್ ಬರೆಯುವ ರೀತಿ

ನಾನು ಸೇರಿದಾಗ ನಮ್ಮ ಹೆಲ್ತ್ ಸೆಂಟರಿನ ರಿಜಿಸ್ಟರಿನಲ್ಲಿ ಹೆಸರು, ಟೋಕನ್ ನಂಬರು, ತಲೆನೋವು, ಕೊಟ್ಟ ಮಾತ್ರೆ, ಸಹಿ ಇಷ್ಟೇ ಇತ್ತು. ಮಾತ್ರೆಯ ಲೆಕ್ಕಕ್ಕೆ ಅದು ಸಾಕು. ಕಂಪನಿಯಿಂದ ಏನಾದರೂ ಕೇಳಿ ಪಡೆಯಬೇಕಾದರೆ ಸಾಲದು. ನಾನು ನಾಲ್ಕು ಖಾನೆ ಸೇರಿಸಿದೆ: ಯಾವ ವಿಭಾಗ, ಯಾವ ಶಿಫ್ಟು, ಆ ಶಿಫ್ಟಿನಲ್ಲಿ ಎಷ್ಟನೇ ಗಂಟೆಗೆ ಬಂದರು, ಇದೇ ತೊಂದರೆಗೆ ಎಷ್ಟನೇ ಸಲ. ತಿಂಗಳ ಕೊನೆಗೆ ನಾನೂ ನಮ್ಮ ಸಿಸ್ಟರೂ ಕೂತು ಎಣಿಸುತ್ತೇವೆ. ಎರಡು ಗಂಟೆ ಕೆಲಸ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗೀಟು ಎಳೆದು ಎಣಿಸಿ.

ಹಾಗೆ ಎಣಿಸಿದಾಗಲೇ ಸೊಂಟನೋವಿನ ವಿಷಯ ಗೊತ್ತಾಗಿದ್ದು. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ಯಾಕಿಂಗ್ ವಿಭಾಗದವರು. ಅದೂ ಶಿಫ್ಟಿನ ಕೊನೆಯ ಎರಡು ಗಂಟೆಯಲ್ಲಿ. ಹೋಗಿ ಒಂದು ಗಂಟೆ ನಿಂತು ನೋಡಿದೆ. ಕನ್ವೇಯರ್ ಸೊಂಟದ ಮಟ್ಟದಲ್ಲಿದೆ. ಪೆಟ್ಟಿಗೆ ಜೋಡಿಸುವ ಪ್ಯಾಲೆಟ್ ನೆಲದ ಮೇಲೆ, ಅದೂ ಬೆನ್ನ ಹಿಂದೆ. ಪೆಟ್ಟಿಗೆ ಎತ್ತಿ, ಮೈ ತಿರುಗಿಸಿ, ಪಾದದ ಹತ್ತಿರ ಬಗ್ಗಿ ಇಡಬೇಕು. ತಿರುಗುವುದೂ ಬಗ್ಗುವುದೂ ಒಟ್ಟಿಗೆ. ಬೆನ್ನುಮೂಳೆಯ ನಡುವಿನ ಡಿಸ್ಕಿಗೆ ಇದಕ್ಕಿಂತ ಕೆಟ್ಟ ಚಲನೆ ಇನ್ನೊಂದಿಲ್ಲ. ಸೂಪರ್‌ವೈಸರ್ ಹತ್ತಿರ ಮಾತಾಡಿ ಎರಡು ಖಾಲಿ ಪ್ಯಾಲೆಟ್‌ಗಳನ್ನು ಕೆಳಗೆ ಇಡಿಸಿದೆ, ಪ್ಯಾಲೆಟ್ಟನ್ನು ಪಕ್ಕಕ್ಕೆ ತರಿಸಿದೆ. ಒಂದು ರೂಪಾಯಿ ಖರ್ಚಾಗಲಿಲ್ಲ. ಎರಡು ತಿಂಗಳಲ್ಲಿ ಪ್ಯಾಕಿಂಗ್‌ನಿಂದ ಸೊಂಟ ಹಿಡಿದುಕೊಂಡು ಬರುವವರು ಕಮ್ಮಿಯಾದರು. ಆ ಎಣಿಕೆ ತೋರಿಸಿದ ಮೇಲೆ ಮುಂದಿನ ಬಜೆಟ್ಟಿನಲ್ಲಿ ಮೇಲೆ ಕೆಳಗೆ ಆಗುವ ಲಿಫ್ಟ್ ಟೇಬಲ್ ಬಂತು. ಆರೋಗ್ಯ ಸೌಲಭ್ಯ ಅಂದರೆ ಇನ್ಶೂರೆನ್ಸ್ ಒಂದೇ ಅಂದುಕೊಳ್ಳುವವರಿಗೆ ನಾನು ಈ ಟೇಬಲ್ ತೋರಿಸುತ್ತೇನೆ.

ಎಣಿಸುವಾಗ ಊರಿನ ಲೆಕ್ಕವೂ ಗೊತ್ತಿರಬೇಕು. ಒಂದು ವರ್ಷ ಆಗಸ್ಟಿನಲ್ಲಿ ಎಲ್ಲ ವಿಭಾಗದಿಂದಲೂ ಸೊಂಟನೋವು, ಮಂಡಿನೋವು ಜಾಸ್ತಿಯಾಯಿತು. ಮೆಷಿನ್ ಬದಲಾಗಿಲ್ಲ, ಟಾರ್ಗೆಟ್ ಏರಿಲ್ಲ. ಆಮೇಲೆ ಹೊಳೆಯಿತು, ಕೆಆರ್‌ಎಸ್‌ನ ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆ! ಮಂಡ್ಯ, ಶ್ರೀರಂಗಪಟ್ಟಣದ ಕಡೆಯವರು ಬೆಳಗ್ಗೆ ಗದ್ದೆಯಲ್ಲಿ ನಾಟಿಗೆ ನಿಂತು ಮಧ್ಯಾಹ್ನ ಸೆಕೆಂಡ್ ಶಿಫ್ಟಿಗೆ ಬರುತ್ತಿದ್ದರು. ನಾನು ರೈತರ ಮನೆಯ ಮಗಳು, ನನಗೇ ತಡವಾಗಿ ತಿಳಿಯಿತು. ಈಗ ಆ ತಿಂಗಳು ಬಂದರೆ "ನಾಟಿ ಆಯ್ತೇನಣ್ಣ?" ಅಂತಲೇ ಮಾತು ಶುರು ಮಾಡುತ್ತೇನೆ. ಆ ಮೂರು ವಾರ ಭಾರ ಎತ್ತುವ ಕೆಲಸದಲ್ಲಿ ಜನರನ್ನು ಬದಲಾಯಿಸಿ ಹಾಕುತ್ತಾರೆ. ನಾನು ಕೇಳಿಕೊಂಡಿದ್ದಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಿದರು. ಅವರೂ ಕೆ.ಆರ್. ಪೇಟೆ ಕಡೆಯವರು.

ಕಿವಿಯ ವಿಷಯ

ಇದನ್ನು ಬೇರೆಯಾಗಿ ಹೇಳಬೇಕು. ಪ್ರೆಸ್ ಶಾಪ್, ಫೋರ್ಜಿಂಗ್, ಗ್ರೈಂಡಿಂಗ್ ಇರುವ ಕಡೆ ಕಿವಿ ನಿಧಾನವಾಗಿ ಹೋಗುತ್ತದೆ, ನೋವೇ ಇರುವುದಿಲ್ಲ. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಮಿತಿ. ಪ್ರೆಸ್ ಪಕ್ಕ ನಿಂತು ಮಾತಾಡಲು ಕೂಗಬೇಕಾಗಿ ಬಂದರೆ ಮಿತಿಯ ಹತ್ತಿರ ಇದ್ದೀರಿ ಅಂತಲೇ ತಿಳಿಯಿರಿ, ಮೀಟರ್ ತರಿಸಿ.

ಆಡಿಯೋಮೆಟ್ರಿಯನ್ನು, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ನೋಡುವ ಟೆಸ್ಟನ್ನು, ಶಿಫ್ಟ್ ನಡುವೆ ಮಾಡಿಸಬೇಡಿ. ಸದ್ದಿನಿಂದ ಎದ್ದು ಬಂದ ಕಿವಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ, ಟೆಸ್ಟು ತಪ್ಪಾಗಿ ಬರುತ್ತದೆ. ಕನಿಷ್ಠ 14 ಗಂಟೆ ಸದ್ದಿನಿಂದ ದೂರ ಇರಬೇಕು. ಅದಕ್ಕೆ ನಾನು ವಾರದ ರಜ ಮುಗಿದ ಮರುದಿನ ಬೆಳಗ್ಗೆ, ಶಾಪಿಗೆ ಇಳಿಯುವ ಮೊದಲು ಮಾಡಿಸುತ್ತೇನೆ. ರೂಮಿನ ಫ್ಯಾನ್ ಆರಿಸಿ, ಕಿಟಕಿ ಹಾಕಿ. ಕಾಗದದ ಮೇಲೆ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿ ಬಿದ್ದ ಹಾಗೆ ಇಳಿದು ಮತ್ತೆ ಏರಿದರೆ ಅದು ಸದ್ದಿನ ಗುರುತು. ವಯಸ್ಸಿನಿಂದ ಬಂದ ಕಿವುಡಿನಲ್ಲಿ ಗೆರೆ ಹಾಗೆ ಮೇಲೇರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ.

ಐಟಿಐ ಮುಗಿಸಿ ಟ್ರೈನಿ ಆಗಿ ಬರುವ ಹುಡುಗರಿಗೆ ಸೇರುವ ದಿನವೇ ಒಂದು ಆಡಿಯೋಗ್ರಾಂ (ಆ ಟೆಸ್ಟಿನ ಕಾಗದ) ಇರಲಿ. ಅದಿಲ್ಲದೆ ಹತ್ತು ವರ್ಷದ ಮೇಲೆ ಕಿವಿ ಹೋಗಿದ್ದು ಇಲ್ಲಿಯೋ, ಮೊದಲೇ ಹೋಗಿತ್ತೋ ಹೇಳಲಾಗುವುದಿಲ್ಲ. ಕೆಲಸದ ಸದ್ದಿನಿಂದ ಬರುವ ಕಿವುಡು ಕಾನೂನಿನಂತೆ ವರದಿ ಮಾಡಲೇಬೇಕಾದ ಕಾಯಿಲೆ. ವರದಿ ಮಾಡುವ ಹೊಣೆ ಡಾಕ್ಟರ್ ಮೇಲೂ ಇದೆ. ನಮ್ಮ ಮೈಸೂರಿನವರಿಗೆ ಒಂದು ಪುಣ್ಯ ಅಂದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಕಡೆಯಿಂದ ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ನಮಗೆ ಸಿಟಿ ಬಸ್ಸಿನ ದೂರ. ಸಂಶಯ ಬಂದವರನ್ನು ಅಲ್ಲಿಗೆ ಕಳಿಸಿ. ಹಿಯರಿಂಗ್ ಏಡ್ ಖರ್ಚನ್ನು ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ, ಕಂಪನಿಯ ವೆಲ್‌ಫೇರ್ ಖಾತೆಯಿಂದ ಕೊಡಿಸಲು ಕೇಳಿ. ನಾನು ಕೇಳಿ ಪಡೆದಿದ್ದೇನೆ.

ಹೆಸರು ಕೊಡಬೇಡಿ

ಇದು ನಾನು ಮಾಡಿದ ತಪ್ಪು. ಸೇರಿದ ಎರಡನೇ ವರ್ಷ. ಶುಗರ್ ಇರುವವರ ಪಟ್ಟಿ ಕೊಡಿ ಡಾಕ್ಟ್ರೇ, ಅವರಿಗೆ ಕ್ಯಾಂಟೀನಿನಲ್ಲಿ ಬೇರೆ ಊಟ ಮಾಡಿಸೋಣ ಅಂತ ಆಫೀಸಿನಿಂದ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು ಅಂತ ಈಗಲೂ ನಂಬುತ್ತೇನೆ. ಟೋಕನ್ ನಂಬರ್ ಸಮೇತ ಕೊಟ್ಟುಬಿಟ್ಟೆ. ಆ ಪಟ್ಟಿ ಮೇಜಿನಿಂದ ಮೇಜಿಗೆ ಹೋಯಿತು. ಮುಂದಿನ ತಿಂಗಳು ಅದರಲ್ಲಿದ್ದ ಕೆಲವರಿಗೆ ಓವರ್‌ಟೈಮ್ ನಿಂತಿತು. ಯಾರೋ ಸೂಪರ್‌ವೈಸರ್, ಇವರಿಗೆ ಆಯಾಸ ಆಗುತ್ತೆ ಅಂತ ತಾವೇ ತೀರ್ಮಾನ ಮಾಡಿದ್ದರು. ಮಗಳ ಕಾಲೇಜು ಫೀಸಿಗೆ ಆ ಓವರ್‌ಟೈಮ್ ನಂಬಿಕೊಂಡಿದ್ದ ಒಬ್ಬರು ನನ್ನ ಎದುರು ನಿಂತು ಏನೂ ಬೈಯಲಿಲ್ಲ. "ನಿಮ್ಮ ಅತ್ರ ಯೋಳ್ಬಾರ್ದಿತ್ತು ಕಣಮ್ಮ" ಅಂದು ಹೋದರು.

ಆಮೇಲೆ ಒಂದು ವರ್ಷ ನನ್ನ ರೂಮಿಗೆ ಶುಗರ್ ಅಂತ ಯಾರೂ ಬರಲಿಲ್ಲ. ಹೊರಗೆ ಮಾತ್ರೆ ತಗೊಂಡು ನನ್ನಿಂದ ಮುಚ್ಚಿಟ್ಟರು. ರಿಜಿಸ್ಟರ್ ನೋಡಿದರೆ ಕಾರ್ಖಾನೆಯಲ್ಲಿ ಶುಗರ್ ಇರುವವರೇ ಇಲ್ಲ ಅನ್ನುವ ಹಾಗಿತ್ತು. ನಂಬಿಕೆ ಮತ್ತೆ ಗಳಿಸಲು ಎರಡು ವರ್ಷ ಹಿಡಿಯಿತು.

ಈಗ ನಾನು ಮ್ಯಾನೇಜ್‌ಮೆಂಟಿಗೆ ಎಣಿಕೆ ಮಾತ್ರ ಕೊಡುತ್ತೇನೆ. ಒಂದು ಗುಂಪಿನಲ್ಲಿ ಹತ್ತು ಜನಕ್ಕಿಂತ ಕಮ್ಮಿ ಇದ್ದರೆ ಅದನ್ನೂ ಕೊಡುವುದಿಲ್ಲ. ಟೂಲ್ ರೂಮಿನಲ್ಲಿ ಒಬ್ಬರಿಗೆ ಅಂದರೆ ಆ ಒಬ್ಬರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ? ಫಿಟ್ನೆಸ್ ಕಾಗದದಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ. ಎಲ್ಲ ಕೆಲಸಕ್ಕೆ ಫಿಟ್, ಇಂಥ ಕೆಲಸ ಬಿಟ್ಟು ಫಿಟ್, ಇಷ್ಟು ದಿನ ಕೆಲಸ ಬೇಡ, ಈ ಮೂರರಲ್ಲಿ ಒಂದು ಸಾಕು. ಫಿಟ್ಸ್ ಬರುವ ಕ್ರೇನ್ ಆಪರೇಟರ್ ಇದ್ದರೆ ಸುಮ್ಮನಿರಲು ಬರುವುದಿಲ್ಲ, ಬೇರೆಯವರ ಜೀವದ ಮಾತು. ಆಗಲೂ ಮೊದಲು ಅವರನ್ನೇ ಕೂರಿಸಿ ಮಾತಾಡಿ, ಆಮೇಲೆ ಎತ್ತರದ ಕೆಲಸ, ಕ್ರೇನ್ ಬೇಡ ಅಂತ ಬರೆಯಿರಿ. ಸಂಬಳ ಕಮ್ಮಿಯಾಗದ ಹಾಗೆ ಬೇರೆ ಕೆಲಸ ಕೊಡಿಸುವ ತನಕ ಬೆನ್ನು ಹತ್ತಿ. ಕೆಲಸಕ್ಕೆ ಸೇರಿಸಲು ಎಚ್‌ಐವಿ ಟೆಸ್ಟ್ ಕೇಳುವ ಹಾಗೇ ಇಲ್ಲ, 2017ರ ಕಾಯ್ದೆ ಅದನ್ನು ತಡೆದಿದೆ. ಯಾರಾದರೂ ಕೇಳಿದರೆ ಕಾಯ್ದೆಯ ಹೆಸರು ಹೇಳಿ.

ವರ್ಷದ ತಪಾಸಣೆ

ದಸರಾ ಹತ್ತಿರ ಬಂತು ಅಂದರೆ ಲ್ಯಾಬಿನವರು ಅರವತ್ತು, ಎಪ್ಪತ್ತು ಟೆಸ್ಟಿನ ಪ್ಯಾಕೇಜ್ ಹಿಡಿದುಕೊಂಡು ಬರುತ್ತಾರೆ. ಫುಲ್ ಬಾಡಿ ಚೆಕಪ್ ಅಂತ. ನೋಡಲು ಚೆಂದ. ಆರೋಗ್ಯವಾಗಿರುವವರಿಗೆ ಟ್ಯೂಮರ್ ಮಾರ್ಕರ್ ಅನ್ನುವ ಕ್ಯಾನ್ಸರ್ ಸುಳಿವಿನ ಟೆಸ್ಟ್ ಮಾಡಿಸಿ ಏನೂ ಉಪಯೋಗ ಇಲ್ಲ, ಗಾಬರಿ ಜಾಸ್ತಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಕಣ್ಣು. ಇದರ ಮೇಲೆ ಆಯಾ ಕೆಲಸಕ್ಕೆ ಬೇಕಾದ ಟೆಸ್ಟು. ಸದ್ದಿನವರಿಗೆ ಆಡಿಯೋಮೆಟ್ರಿ, ಧೂಳು ಮತ್ತು ವೆಲ್ಡಿಂಗ್ ಹೊಗೆಯವರಿಗೆ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ. ಅಷ್ಟು ಸಾಕು. ಉಳಿದ ದುಡ್ಡನ್ನು ರಿಪೋರ್ಟ್ ಬಂದ ಮೇಲಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಯಾಕೆಂದರೆ ರಿಪೋರ್ಟ್ ಕವರನ್ನು ಬಿಚ್ಚದೆ ಊಟದ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಈಗ ಬಿಪಿ, ಶುಗರ್ ಮಾತ್ರೆ ನಮ್ಮ ಹೆಲ್ತ್ ಸೆಂಟರಿನಲ್ಲೇ ತಿಂಗಳಿಗೊಮ್ಮೆ ಕೊಡುತ್ತೇವೆ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಜೆನೆರಿಕ್‌ನಲ್ಲಿ ಬಹಳ ಅಗ್ಗ. ಜನೌಷಧಿ ಅಂಗಡಿಯ ದರ ಬರೆದು ತೋರಿಸಿದಾಗ ಫೈನಾನ್ಸ್‌ನವರು ಎರಡನೇ ಮಾತಾಡದೆ ಒಪ್ಪಿದರು. ಮಾತ್ರೆ ತಗೊಳ್ಳಲು ಬಂದಾಗ ಬಿಪಿ ನೋಡುತ್ತೇವೆ, ನೈಟ್ ಶಿಫ್ಟಿನವರಿಗೆ ಮಾತ್ರೆಯ ಹೊತ್ತನ್ನು ಬದಲಾಯಿಸಿ ಬರೆದುಕೊಡುತ್ತೇವೆ. ಹೊರಗಿನ ಡಾಕ್ಟರ್ ಬೆಳಗ್ಗೆ ತಿಂಡಿಗೆ ಮೊದಲು ಅಂತ ಗ್ಲಿಮಿಪಿರೈಡ್ ಅನ್ನುವ ಶುಗರ್ ಮಾತ್ರೆ ಬರೆದಿರುತ್ತಾರೆ. ರಾತ್ರಿಯೆಲ್ಲ ದುಡಿದು ಬಂದವರು ಮಾತ್ರೆ ನುಂಗಿ, ತಿಂಡಿ ತಿನ್ನದೆ ಮಲಗಿಬಿಡುತ್ತಾರೆ. ಸಕ್ಕರೆ ಇಳಿದು ಬೆವರಿ ಎದ್ದು ಕೂರುತ್ತಾರೆ. ಇದನ್ನು ಶಿಫ್ಟ್ ಗೊತ್ತಿರುವ ಡಾಕ್ಟರ್ ಮಾತ್ರ ತಪ್ಪಿಸಬಹುದು.

ಕ್ಯಾಂಟೀನಿನ ಬಗ್ಗೆ ಒಂದೇ ಮಾತು. ಮುದ್ದೆ, ಸೊಪ್ಪಿನ ಸಾರನ್ನು ಮುಟ್ಟಬೇಡಿ. ರಾತ್ರಿ ಮೂರು ಗಂಟೆಯ ಬೋಂಡ, ಮೊದಲೇ ಸಕ್ಕರೆ ಬೆರೆಸಿದ ಟೀ ಇವೆರಡನ್ನು ಬದಲಾಯಿಸಿ.

ರಿನ್ಯೂವಲ್ ಮಾತುಕತೆ

ಗ್ರೂಪ್ ಪಾಲಿಸಿ ಮುಗಿಯುವ ದಿನಾಂಕವನ್ನು ನಿಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಮೂರು ತಿಂಗಳ ಮೊದಲೇ ಎಚ್‌ಆರ್‌ಗೆ ಹೋಗಿ, ಟಿಪಿಎ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವವರ ಕಡೆಯಿಂದ ಹೆಸರಿಲ್ಲದ ಕ್ಲೇಮ್ ವರದಿ ತರಿಸಿ ಅನ್ನಿ. ಯಾವ ಕಾಯಿಲೆಗೆ ಎಷ್ಟು ಜನ ಅಡ್ಮಿಟ್ ಆದರು, ಎಷ್ಟು ಕೇಳಿದರು, ಎಷ್ಟು ಬಂತು. ಕೇಳಿದ್ದಕ್ಕೂ ಬಂದಿದ್ದಕ್ಕೂ ನಡುವಿನ ದುಡ್ಡು ಕೆಲಸಗಾರರ ಜೇಬಿನದು. ಅದು ಯಾಕೆ ಹೋಯಿತು ಅಂತ ಒಂದೊಂದಾಗಿ ನೋಡಿ. ಕೊನೆಯ ವಾರ ಹೋದರೆ ಬರೀ ಪ್ರೀಮಿಯಂ ಚೌಕಾಸಿ ನಡೆಯುತ್ತಿರುತ್ತದೆ, ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ದುಡ್ಡು ಯಾವಾಗಲೂ ಕಮ್ಮಿಯೇ. ಏನನ್ನು ಮೊದಲು ಕೇಳಬೇಕು ಅನ್ನುವುದರಲ್ಲಿ ಡಾಕ್ಟರ ಬುದ್ಧಿ ಬೇಕು. ಒಂದು ವರ್ಷ ಎಲ್ಲರಿಗೂ ಪಾಲಿಸಿ ಮೊತ್ತವನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸೋಣ ಅಂದರು. ಕೇಳಲು ದೊಡ್ಡದು, ಯೂನಿಯನ್‌ಗೂ ಇಷ್ಟ. ಕ್ಲೇಮ್ ವರದಿ ನೋಡಿದರೆ 3 ಲಕ್ಷ ದಾಟಿದವರು ಬೆರಳೆಣಿಕೆ. ರೂಮ್ ಬಾಡಿಗೆಯಿಂದ ಕೈಯಿಂದ ಕಟ್ಟಿದವರು ತುಂಬಾ ಜನ. ನಾನು ಹೇಳಿದೆ: ಮೊತ್ತ 3 ಲಕ್ಷವೇ ಇರಲಿ, ರೂಮಿನ ಲಿಮಿಟ್ ತೆಗೆಸಿ. ದೊಡ್ಡ ಕಾಯಿಲೆಯವರಿಗೆ ಕಂಪನಿ ಹೆಸರಿನಲ್ಲಿ ಒಂದು ಬಫರ್ ಮೊತ್ತ ಇಡಿಸಿ, ಯಾರಿಗೆ ಬೇಕೋ ಅವರಿಗೆ ಅದರಿಂದ ಕೊಡೋಣ. ಯೂನಿಯನ್‌ನವರಿಗೆ ನಾನೇ ಆ ಹಳೆಯ ಬಿಲ್ಲಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹೆಸರು ಹೇಳಲಿಲ್ಲ. ಅಧ್ಯಕ್ಷರು ಬೋರ್ಡಿನ ಹತ್ತಿರ ಬಂದು 43,000ದ ಸುತ್ತ ಒಂದು ಗುಂಡು ಗೆರೆ ಎಳೆದರು. ಅವತ್ತೇ ಒಪ್ಪಿಗೆ ಆಯಿತು.

ಮಿಕ್ಕಿದ್ದು: ಇರುವ ಕಾಯಿಲೆಗೆ ಕಾಯುವ ಅವಧಿ ಇರಬಾರದು. ತಂದೆತಾಯಿಯನ್ನು ಸೇರಿಸಿದರೆ ಪ್ರೀಮಿಯಂ ಏರುತ್ತದೆ. ಅವರ ಬಿಲ್ಲಿನಲ್ಲಿ ನೂರಕ್ಕೆ ಹತ್ತೋ ಇಪ್ಪತ್ತೋ ಕೆಲಸಗಾರರೇ ಕಟ್ಟುವ ಹಾಗೆ ಮಾಡಿಯಾದರೂ ಸೇರಿಸಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ಮನೆಯ ಸಾಲಕ್ಕೆ ಮೊದಲ ಕಾರಣ ಅಪ್ಪ ಅಮ್ಮನ ಆಸ್ಪತ್ರೆ ಖರ್ಚು, ಇದನ್ನು ನಾನು ದಿನವೂ ಕೇಳುತ್ತೇನೆ. ಡಯಾಲಿಸಿಸ್, ಕೀಮೋ, ಕಣ್ಣಿನ ಪೊರೆಯ ಆಪರೇಷನ್ ಇವಕ್ಕೆ 24 ಗಂಟೆ ಅಡ್ಮಿಟ್ ಆಗಬೇಕು ಅನ್ನುವ ಷರತ್ತು ಹಾಕದೆ ಡೇ ಕೇರ್ ಅಂತ ಬರೆಸಿ. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ಇನ್ಶೂರೆನ್ಸ್ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪಾಲಿಸಿಯಲ್ಲಿ ಅದಕ್ಕೆ ಬೇರೆ ಸಣ್ಣ ಮಿತಿ ಹಾಕಿದ್ದಾರಾ ನೋಡಿ.

ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ. ಕ್ಯಾಶ್‌ಲೆಸ್ ಇರುವ ಆಸ್ಪತ್ರೆಗಳ ಪಟ್ಟಿಯನ್ನೂ ನಿಮ್ಮ ಕಂಪನಿ ಬಸ್ಸಿನ ರೂಟ್ ಪಟ್ಟಿಯನ್ನೂ ಪಕ್ಕಪಕ್ಕ ಇಡಿ. ನಮ್ಮಲ್ಲಿ ಹಾಗೆ ಇಟ್ಟು ನೋಡಿದಾಗ ಆಸ್ಪತ್ರೆಗಳೆಲ್ಲ ಮೈಸೂರು ಊರೊಳಗೆ. ಬಸ್ಸು ಹೋಗುವುದು ಮಂಡ್ಯ, ಪಾಂಡವಪುರ, ನಂಜನಗೂಡು, ಕೆ.ಆರ್. ನಗರಕ್ಕೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಪಾಂಡವಪುರದಿಂದ ಎಲ್ಲಿಗೆ ಹೋಗಬೇಕು? ಪ್ರತಿ ರೂಟಿನಲ್ಲೂ ಒಂದು ಆಸ್ಪತ್ರೆ ಇರಲೇಬೇಕು ಅಂತ ಬರವಣಿಗೆಯಲ್ಲಿ ಕೇಳಿದೆವು. ಎಲ್ಲ ಕಡೆ ಸಿಗಲಿಲ್ಲ. ಮೂರು ಕಡೆ ಸಿಕ್ಕಿತು.

ಪಾಲಿಸಿ ಬಂದ ಮೇಲೆ

ಮೂವತ್ತು ಪುಟದ ಇಂಗ್ಲಿಷ್ ಕಾಗದ ಬರುತ್ತದೆ. ಅದನ್ನು ಒಂದೇ ಹಾಳೆಗೆ ಕನ್ನಡದಲ್ಲಿ ಬರೆಯಿರಿ. ನೀವೇ ಬರೆಯಿರಿ, ಏಜೆಂಟ್ ಕೈಗೆ ಕೊಡಬೇಡಿ. ಯಾರು ಯಾರು ಸೇರಿದ್ದಾರೆ, ರೂಮಿಗೆ ಎಷ್ಟು, ಯಾವ ಊರಿನಲ್ಲಿ ಯಾವ ಆಸ್ಪತ್ರೆ, ಅಡ್ಮಿಟ್ ಆದ ಕೂಡಲೇ ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಬಿಲ್ಲು ಬಿಸಾಡಬಾರದು. ಬರೆದು ಮೊದಲು ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ. ನೋಟೀಸ್ ಬೋರ್ಡಿಗೆ ಒಂದು, ಪ್ರತಿ ಬಸ್ಸಿಗೆ ಒಂದು. ಎಲ್ಲರಿಗೂ ಮನೆಗೆ ಒಂದೊಂದು ಕೊಡಿ. ಯಾಕೆಂದರೆ ಆಸ್ಪತ್ರೆ ಕೌಂಟರಿನಲ್ಲಿ ನಿಲ್ಲುವುದು ಹೆಚ್ಚಾಗಿ ಮನೆಯ ಹೆಂಗಸರು.

ಹೋದ ವರ್ಷ ಮಾರ್ಚಿನಲ್ಲಿ ಒಂದು ರಾತ್ರಿ ನನ್ನ ಫೋನ್ ಬಡಿದುಕೊಂಡಿತು. ಗ್ರೈಂಡಿಂಗ್ ವಿಭಾಗದವರೊಬ್ಬರ ಹೆಂಡತಿ, ಆಸ್ಪತ್ರೆಯಿಂದ. ಗಂಡನಿಗೆ ಅಪೆಂಡಿಕ್ಸ್. ಕೌಂಟರಿನವರು ದೊಡ್ಡ ರೂಮು ಮಾತ್ರ ಖಾಲಿ ಇದೆ, ಮಿಕ್ಕಿದ್ದು ನೀವೇ ಕಟ್ಟಬೇಕಾಗುತ್ತೆ ಅನ್ನುತ್ತಿದ್ದರು. ಏನು ಮಾಡಲಿ ಅಂತ ಕೇಳಲು ಅವರು ಫೋನ್ ಮಾಡಿರಲಿಲ್ಲ. ಹಾಳೆ ಕೈಯಲ್ಲಿ ಹಿಡಿದಿದ್ದರು. "ಮೂರನೇ ಸಾಲ್ನಲ್ಲಿ ರೂಮ್ಗೆ ಲಿಮಿಟ್ ಇಲ್ಲ ಅಂತ ನೀವೇ ಬರ್ದಿದೀರಲ್ವಾ ಅಮ್ಮ, ಇವ್ರಿಗೊಸಿ ಯೋಳಿ" ಅಂದು ಫೋನನ್ನು ಕೌಂಟರಿನವರ ಕೈಗೆ ಕೊಟ್ಟರು.